ಗಾಳ ಹಾಕುವವನ ಎದೆಯ ಮೇಲೆ ಯಾವ ಕ್ಯಾಮೆರಾ?

ಕೆಂಬೇರಿ ಮೀನು ಗಾಳ ಕಚ್ಚಿದ್ದು ಬೆಳಗ್ಗೆ 6.50ಕ್ಕೆ. ಎದೆಗೆ ಕಟ್ಟಿಕೊಂಡಿದ್ದ ಕ್ಯಾಮೆರಾದ ಬ್ಯಾಟರಿ ಮುಗಿದದ್ದು 6.47ಕ್ಕೆ. ಈ ಮೂರು ನಿಮಿಷದ ಲೆಕ್ಕ ನನಗೆ ಸಿಕ್ಕಿದ್ದು ಮನೆಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ ಮೇಲೆ. ಒಂದು ಗಂಟೆ ಹದಿನೇಳು ನಿಮಿಷ ನನ್ನ ಎರಡು ಕೈ, ಕದಲದ ಕೋಲು, ನಡುನಡುವೆ ಕೆಮ್ಮು, ಸೊಳ್ಳೆಗೆ ಹೊಡೆದ ಸದ್ದು ಎಲ್ಲವೂ ಚೊಕ್ಕವಾಗಿ ದಾಖಲಾಗಿದ್ದವು. ಮೀನು ಮಾತ್ರ ಇರಲಿಲ್ಲ. ಮನೆಯಲ್ಲಿ ಮೀನನ್ನು ಸಾರಿಗೆ ಹಾಕಿದ್ದರಿಂದ ಬೇರೆ ಸಾಕ್ಷಿಯೂ ಉಳಿಯಲಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತುಮುತ್ತ ಮದುವೆ, ಗೃಹಪ್ರವೇಶಗಳ ವಿಡಿಯೋ ಮಾಡುವುದು ನನ್ನ ಹೊಟ್ಟೆಪಾಡು. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಗಳಿಲ್ಲ, ಹೊಳೆಯಲ್ಲಿ ನೀರಿಗೆ ಬರವಿಲ್ಲ. ಹಾಗೆ ಹಿಡಿದ ಗಾಳ ಈಗ ವರ್ಷಪೂರ್ತಿಯ ಚಟವಾಗಿದೆ. ಬೇರೆಯವರ ಮುಖಕ್ಕೆ ದೊಡ್ಡ ಲೆನ್ಸು ಹಿಡಿದು ಅಭ್ಯಾಸವಿದ್ದವನಿಗೆ, ಎರಡೂ ಕೈ ಕೋಲಿನ ಮೇಲಿರುವಾಗ ತನ್ನನ್ನು ತಾನೇ ಚಿತ್ರಿಸಿಕೊಳ್ಳುವುದು ಬೇರೆಯದೇ ವಿದ್ಯೆ ಎಂದು ತಿಳಿಯಲು ಒಂದು ಮಳೆಗಾಲ ಮತ್ತು 4,300 ರೂಪಾಯಿಯ, ಮೈಗೆ ಕಟ್ಟಿಕೊಳ್ಳುವ ಒಂದು ಪುಟ್ಟ ಆ್ಯಕ್ಷನ್ ಕ್ಯಾಮೆರಾ ಬೇಕಾಯಿತು.

ಈ ವಿದ್ಯೆಯಲ್ಲಿ ಪಳಗಿದವರು ಅಮೆರಿಕದ ಬಿಲ್ಲುಬೇಟೆಗಾರರು. ಮರದ ಮೇಲೆ ಅಟ್ಟಳಿಗೆ ಕಟ್ಟಿ ಒಬ್ಬನೇ ಕುಳಿತು, ಬಿಲ್ಲಿನ ಮೇಲೊಂದು, ತಲೆಯ ಮೇಲಿನ ಕೊಂಬೆಗೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿ, ತಮ್ಮ ಬೇಟೆಯನ್ನು ತಾವೇ ಚಿತ್ರಿಸುತ್ತಾರೆ. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ; ಆ ಆಸೆಯಿಂದ ಈ ಬರಹಕ್ಕೆ ಬಂದವರು ಇಲ್ಲಿಯೇ ಇಳಿದುಬಿಡಬಹುದು. ಆದರೆ ಅವರ ಪಾಡೂ ನಮ್ಮ ಪಾಡೂ ಒಂದೇ. ಒಬ್ಬನೇ ಮನುಷ್ಯ, ಬಿಡುವಿಲ್ಲದ ಎರಡು ಕೈ, ನಸುಕಿನ ಬೆಳಕು, ಗಂಟೆಗಟ್ಟಲೆ ಕಾಯುವಿಕೆ, ಕೊನೆಗೆ ಎರಡು ಸೆಕೆಂಡಿನ ಘಟನೆ. ಅವರು ಕೇಳುವ ಪ್ರಶ್ನೆಗಳನ್ನೇ ನಾನು ಹೊಳೆಬದಿಗೆ ತಂದುಕೊಂಡೆ.

ಹೋಲಿಕೆಗೆ ನಿಂತವರು ಹೀಗಿದ್ದಾರೆ. ಮೊದಲನೆಯದು ನನ್ನ ಅಗ್ಗದ ಆ್ಯಕ್ಷನ್ ಕ್ಯಾಮೆರಾ. ಹೆಸರು ಹೇಳುವುದರಿಂದ ಪ್ರಯೋಜನವಿಲ್ಲ, ಮೂರರಿಂದ ಆರು ಸಾವಿರದೊಳಗೆ ಸಿಗುವ ಬಹಳಷ್ಟು ಕ್ಯಾಮೆರಾಗಳು ಹೆಸರು ಬೇರೆಯಾದರೂ ಒಂದೇ ಬಸಿರಿನ ಮಕ್ಕಳು. ಎರಡನೆಯದು ಮೇಜಿನ ಖಾನೆಯಲ್ಲಿ ಮಲಗಿದ್ದ ಹಳೆಯ ಮೊಬೈಲ್. ಮೂರನೆಯದು ಗೆಳೆಯನೊಬ್ಬ ಎರಡನೇ ಕೈಯಿಂದ ಕೊಂಡ ಗೋಪ್ರೋ ಕಂಪನಿಯ ಆ್ಯಕ್ಷನ್ ಕ್ಯಾಮೆರಾ ಹೀರೋ 7 ಬ್ಲ್ಯಾಕ್, 2018ರ ಮಾದರಿ. ಹೆಬ್ಬೆರಳಿನಷ್ಟಿರುವ ಕ್ಯಾಮೆರಾಗಳೂ ಸುತ್ತ 360 ಡಿಗ್ರಿ ಚಿತ್ರಿಸುವ ಕ್ಯಾಮೆರಾಗಳೂ ಇವೆ. ಅವು ಈ ಬೆಲೆಯ ಮಾತಿಗೆ ಬರುವುದಿಲ್ಲ, ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ.

ಪೆಟ್ಟಿಗೆಯ ಮೇಲೆ ಬರೆದದ್ದು

ಅಗ್ಗದ ಕ್ಯಾಮೆರಾದ ರಟ್ಟಿನ ಮೇಲೆ 4ಕೆ ಎಂದು ಅಂಗೈಯಗಲ ಬರೆದಿರುತ್ತದೆ. 4ಕೆ ಎಂದರೆ ಅಡ್ಡಕ್ಕೆ 3,840, ಉದ್ದಕ್ಕೆ 2,160 ಬಿಂದುಗಳು (ಪಿಕ್ಸೆಲ್). ಸಾಮಾನ್ಯ ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಈ ಬೆಲೆಯ ಹಲವು ಕ್ಯಾಮೆರಾಗಳಲ್ಲಿ ಒಳಗಿರುವ, ಬೆಳಕನ್ನು ಚಿತ್ರವಾಗಿಸುವ ಸೆನ್ಸರಿಗೆ ಅಷ್ಟು ಬಿಂದುಗಳನ್ನು ಓದುವ ತಾಕತ್ತಿಲ್ಲ. ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ದೊಡ್ಡ ಫೈಲು ಮಾಡುತ್ತವೆ. ಕಾರ್ಡು ತುಂಬುತ್ತದೆ, ವಿವರ ಹೆಚ್ಚುವುದಿಲ್ಲ.

ಇದನ್ನು ಪತ್ತೆ ಹಚ್ಚಲು ಪ್ರಯೋಗಾಲಯ ಬೇಡ. ಕನ್ನಡ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಗೋಡೆಗೆ ಅಂಟಿಸಿ, ಒಂದು ಮೀಟರ್ ದೂರದಿಂದ 4ಕೆಯಲ್ಲಿ ಹತ್ತು ಸೆಕೆಂಡು, ಫುಲ್ ಎಚ್‌ಡಿಯಲ್ಲಿ ಹತ್ತು ಸೆಕೆಂಡು ಚಿತ್ರಿಸಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ನಮ್ಮ ಲಿಪಿಯಷ್ಟು ಕಟ್ಟುನಿಟ್ಟಿನ ಪರೀಕ್ಷಕ ಇನ್ನೊಬ್ಬನಿಲ್ಲ: ಮೊದಲು ಒತ್ತಕ್ಷರಗಳು ಕರಗುತ್ತವೆ, ಆಮೇಲೆ ಕೊಂಬು, ದೀರ್ಘ. ನನ್ನ ಕ್ಯಾಮೆರಾದಲ್ಲಿ ಎರಡೂ ಚಿತ್ರಗಳಲ್ಲಿ ಒತ್ತಕ್ಷರಗಳು ಒಂದೇ ಪ್ರಮಾಣದಲ್ಲಿ ಮಾಯವಾಗಿದ್ದವು. ಅಂದಿನಿಂದ ಅದನ್ನು ಫುಲ್ ಎಚ್‌ಡಿಯಲ್ಲಿಯೇ ಬಳಸುತ್ತಿದ್ದೇನೆ. ಇನ್ನೊಂದು ಲಾಭವೂ ಇದೆ: ನನ್ನದರಂತಹ ಎಷ್ಟೋ ಅಗ್ಗದ ಕ್ಯಾಮೆರಾಗಳಲ್ಲಿ ನಡುಕ ತಡೆಯುವ ಸೌಲಭ್ಯ 4ಕೆಯಲ್ಲಿ ಕೆಲಸವನ್ನೇ ಮಾಡುವುದಿಲ್ಲ, ಫುಲ್ ಎಚ್‌ಡಿಯಲ್ಲಿ ಮಾಡುತ್ತದೆ.

ಹಳೆಯ ಮೊಬೈಲು ಈ ಪರೀಕ್ಷೆಯಲ್ಲಿ ಅಗ್ಗದ ಕ್ಯಾಮೆರಾವನ್ನು ಸುಲಭವಾಗಿ ಸೋಲಿಸಿತು.

ಇನ್ನು ನೋಟದ ಅಗಲ. ಆ್ಯಕ್ಷನ್ ಕ್ಯಾಮೆರಾ ಎದುರಿನ ಜಗತ್ತನ್ನೆಲ್ಲ ಬಾಚಿ ಚೌಕಟ್ಟಿಗೆ ತುಂಬುತ್ತದೆ. ಹಾಗೆ ತುಂಬಬೇಕಾದರೆ ಪ್ರತಿಯೊಂದೂ ಕುಗ್ಗಲೇಬೇಕು. ತಳಂಗರೆಯ ಕಡೆಯಿಂದ ಚಂದ್ರಗಿರಿ ಹೊಳೆಗೆ ಗಾಳ ಎಸೆದು ನಿಂತಾಗ ಆಚೆ ದಡದ ಎತ್ತರದಲ್ಲಿ ಕೆಳದಿಯ ಶಿವಪ್ಪ ನಾಯಕನ 17ನೇ ಶತಮಾನದ ಕೋಟೆ ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ. ಕ್ಯಾಮೆರಾದಲ್ಲಿ ಅದು ಹಪ್ಪಳದ ಚೂರು. ಕೋಟೆಯ ಗತಿಯೇ ಹೀಗಾದರೆ ಗಾಳದ ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡಿನ ಪಾಡೇನು? ಲೆಕ್ಕ ಹಾಕಿ ನೋಡಿದೆ. ಅಡ್ಡಕ್ಕೆ 120 ಡಿಗ್ರಿ ನೋಡುವ ಲೆನ್ಸಿನಲ್ಲಿ, ಹತ್ತು ಮೀಟರ್ ದೂರ ತೇಲುತ್ತಿರುವ ಐದು ಸೆಂಟಿಮೀಟರಿನ ಬೆಂಡು ಫುಲ್ ಎಚ್‌ಡಿ ಚಿತ್ರದ 1,920 ಬಿಂದುಗಳಲ್ಲಿ ಮೂರರಿಂದ ಐದು ಬಿಂದುಗಳಷ್ಟು ಜಾಗ ಹಿಡಿಯುತ್ತದೆ. ನೀರಿನ ಮೇಲಿನ ಕಸಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬೆಂಡು ಮುಳುಗುವ ಕ್ಷಣ ಬೇಕೆಂದು ಆ್ಯಕ್ಷನ್ ಕ್ಯಾಮೆರಾ ಕೊಳ್ಳುವವರು ಹಣ ಉಳಿಸಿಕೊಳ್ಳಲಿ. ಎರಡು ಲಕ್ಷದ್ದನ್ನು ತಂದರೂ ಅಗಲ ಲೆನ್ಸಿನ ಸ್ವಭಾವ ಬದಲಾಗದು. ಮೊಬೈಲಿನ ಮುಖ್ಯ ಲೆನ್ಸು ಇಷ್ಟು ಅಗಲವಿಲ್ಲ, ಹಾಗಾಗಿ ಅದರಲ್ಲಿ ಬೆಂಡು ಎರಡು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಆ್ಯಕ್ಷನ್ ಕ್ಯಾಮೆರಾ ಚಿತ್ರಿಸುವುದು ಮೀನು ಹಿಡಿಯುವವನನ್ನು. ಕೋಲು ಬಾಗಿದ್ದು, ರೀಲು ಗರಗರ ತಿರುಗಿದ್ದು, ಕೈ ನಡುಗಿದ್ದು, ಕೊನೆಗೆ ಎರಡಡಿ ದೂರಕ್ಕೆ ಬಂದ ಮೀನು. ಅಷ್ಟಕ್ಕೆ ಅಗಲ ಲೆನ್ಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಎಚ್ಚರಿಕೆ: ಮೀನನ್ನು ತೋಳುದ್ದ ಮುಂದೆ ಹಿಡಿದರೆ ಎರಡು ಕಿಲೋದ್ದು ಐದು ಕಿಲೋದಂತೆ ಕಾಣುತ್ತದೆ. ಇದು ಎಲ್ಲರಿಗೂ ಗೊತ್ತಾಗಿರುವುದರಿಂದ ಈಗ ಯಾರೂ ನಂಬುವುದಿಲ್ಲ.

ನಸುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆನ್ಸರು ಚಿಕ್ಕದಾದಷ್ಟು ಕತ್ತಲಲ್ಲಿ ಚಿತ್ರ ರವೆರವೆಯಾಗುತ್ತದೆ, ಅಷ್ಟೇ. 2023ರ ಡಿಜೆಐ ಓಸ್ಮೋ ಆ್ಯಕ್ಷನ್ 4 ಎಂಬ ದುಬಾರಿ ಕ್ಯಾಮೆರಾದಲ್ಲಿ 1/1.3 ಇಂಚಿನ ಸೆನ್ಸರಿದೆ. 1/3 ಇಂಚಿನ ಸೆನ್ಸರಿಗಿಂತ ಅದರ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟು. ಆ ನಾಲ್ಕು ಪಟ್ಟಿಗೇ ಹಣ ಕೊಡುವುದು. ಅಗ್ಗದ್ದರಲ್ಲಿ ಮಾಡಬಹುದಾದ ಉಪಾಯ ಒಂದೇ: ಬೆಳಕು ಹರಿಯುವವರೆಗೆ ಸೆಕೆಂಡಿಗೆ 60 ಚೌಕಟ್ಟಿನ (ಫ್ರೇಮ್) ಬದಲು 30 ಇಟ್ಟುಕೊಳ್ಳಿ. ಪ್ರತಿ ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕು ಸಿಗುತ್ತದೆ. ನಡುಕ ತಡೆಯುವ ಸೌಲಭ್ಯವನ್ನು ಆ ಹೊತ್ತಿನಲ್ಲಿ ಆಫ್ ಮಾಡಿಬಿಡಿ. ಮಸುಕಾದ ಚೌಕಟ್ಟುಗಳನ್ನು ಅದು ಹೊಂದಿಸಲು ಹೋಗಿ ಇಡೀ ಚಿತ್ರ ಹಲಸಿನ ಹಣ್ಣಿನ ತೊಳೆಯಂತೆ ಜಾರತೊಡಗುತ್ತದೆ.

ಪ್ಲಾಸ್ಟಿಕ್ ಪೆಟ್ಟಿಗೆಯ ಪುರಾಣ

ಕ್ಯಾಮೆರಾ ಕೊಳ್ಳುವಾಗ ಯಾರೂ ನನಗೆ ಹೇಳದಿದ್ದ, ನಾನಂತೂ ಎಲ್ಲರಿಗೂ ಹೇಳುತ್ತಿರುವ ಮಾತು ಇದು. ಅಗ್ಗದ ಕ್ಯಾಮೆರಾ ತಾನಾಗಿ ನೀರು ತಡೆಯುವುದಿಲ್ಲ. ಅದರ ಜೊತೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ತಡೆಯುತ್ತದೆ. 30 ಮೀಟರ್ ಆಳದವರೆಗೆ ಎಂದು ಬರೆದಿರುತ್ತದೆ. ಗೋಪ್ರೋದ ಹೆಚ್ಚಿನ ಹೀರೋಗಳು 2016ರ ಹೀರೋ 5ರಿಂದ ಈಚೆಗೆ ಪೆಟ್ಟಿಗೆಯಿಲ್ಲದೆಯೇ 10 ಮೀಟರ್ ನೀರಿಗಿಳಿಯುತ್ತವೆ, ಓಸ್ಮೋ ಆ್ಯಕ್ಷನ್ 4 ಹದಿನೆಂಟು ಮೀಟರ್. ಸಂಖ್ಯೆಗಳನ್ನು ಮಾತ್ರ ನೋಡಿದರೆ 30 ದೊಡ್ಡದು, ಅಗ್ಗದ್ದೇ ಗೆದ್ದಂತೆ. ನಾನೂ ಹಾಗೆಯೇ ತಿಳಿದೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ನಾಲ್ಕು ತಿಂಗಳು ಪೆಟ್ಟಿಗೆ ಮುಚ್ಚಿಯೇ ಇರಬೇಕು. ಮುಚ್ಚಿದ ಪೆಟ್ಟಿಗೆ ಮೊದಲು ಮಾಡುವ ಕೆಲಸ ಸದ್ದನ್ನು ಕೊಲ್ಲುವುದು. ನನ್ನ ಮಾತು ಕೊಡದೊಳಗೆ ತಲೆಯಿಟ್ಟು ಆಡಿದಂತೆ ಕೇಳಿತು. ರೀಲಿನ ಸದ್ದು ಇಲ್ಲ. ಹೊಳೆಯ ಸದ್ದು ಇಲ್ಲ. ಪೆಟ್ಟಿಗೆಯ ಮೇಲೆ ಬಿದ್ದ ಒಂದೊಂದು ಮಳೆಹನಿ ಮಾತ್ರ ತಗಡಿನ ಮಾಡಿನ ಮೇಲೆ ಬಿದ್ದ ತೆಂಗಿನಕಾಯಿಯಂತೆ. ಮದುವೆ ವಿಡಿಯೋದವನಾಗಿ ಒಂದು ಮಾತು ಖಂಡಿತವಾಗಿ ಹೇಳಬಲ್ಲೆ: ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ.

ಎರಡನೆಯದು ವಿದ್ಯುತ್ತು. ಒಳಗಿರುವುದು 1,050 ಎಂಎಎಚ್‌ನ ಪುಟ್ಟ ಬ್ಯಾಟರಿ. ಒಂದೂಕಾಲು ಗಂಟೆ ಬಂದರೆ ಪುಣ್ಯ. ಪವರ್ ಬ್ಯಾಂಕ್ ಜೋಡಿಸಬಹುದಲ್ಲ ಎನ್ನಬಹುದು. ಜೋಡಿಸಲು ಪೆಟ್ಟಿಗೆಯಲ್ಲಿ ತೂತಿಲ್ಲ; ತೂತಿದ್ದರೆ ಅದು ಮಳೆ ತಡೆಯುವ ಪೆಟ್ಟಿಗೆಯಲ್ಲ. ಹಾಗಾದರೆ ಬ್ಯಾಟರಿ ಬದಲಿಸಬೇಕು. ಹೊಳೆಬದಿಯಲ್ಲಿ, ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಸಿಗಡಿ ಎರೆ ಕಟ್ಟಿದ ಕೈಯಲ್ಲಿ ಪೆಟ್ಟಿಗೆ ತೆರೆದರೆ ಮೂರನೆಯ ಸಂಕಟ ಒಳಹೊಕ್ಕಿತೆಂದೇ ಅರ್ಥ: ತೇವದ ಗಾಳಿ. ಮುಚ್ಚಿದ ಹತ್ತು ನಿಮಿಷಕ್ಕೆ ಕ್ಯಾಮೆರಾ ಬಿಸಿಯಾಗುತ್ತದೆ, ಹೊರಗಿನ ಮಳೆ ಪ್ಲಾಸ್ಟಿಕ್ಕನ್ನು ತಣ್ಣಗಿಡುತ್ತದೆ, ಒಳಗಿನ ತೇವವೆಲ್ಲ ಲೆನ್ಸಿನ ಮುಂದಿನ ಗಾಜಿಗೆ ಮಂಜಾಗಿ ಕೂರುತ್ತದೆ. ಆಟಿಯಲ್ಲಿ ಚಿತ್ರಿಸಿದ ನನ್ನ ಮೊದಲ ನಾಲ್ಕು ವಿಡಿಯೋಗಳಲ್ಲಿ ಪಯಸ್ವಿನಿ ಹೊಳೆ ಹಿಮಾಲಯದ ನದಿಯಂತೆ ಕಾಣುತ್ತದೆ.

ಸದ್ದು, ಬ್ಯಾಟರಿ, ಮಂಜು ಎಂದು ಮೂರು ದೂರುಗಳನ್ನು ಬೇರೆ ಬೇರೆಯಾಗಿ ಹೇಳುತ್ತಿದ್ದ ನನಗೆ ಮೂರರ ಬೇರೂ ಒಂದೇ ಎಂದು ಹೊಳೆದದ್ದು ಆ ಕೆಂಬೇರಿ ಪ್ರಕರಣದ ನಂತರ. ಅಂದೂ ಸಣ್ಣ ಮಳೆಯಿತ್ತು, ಪೆಟ್ಟಿಗೆ ಮುಚ್ಚಿತ್ತು, ಎರಡನೆಯ ಬ್ಯಾಟರಿ ಕಿಸೆಯಲ್ಲಿ ಭದ್ರವಾಗಿತ್ತು. ಮಳೆಯಿಲ್ಲದ ಕಾಲದಲ್ಲಿ ಅದೇ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು, ಜೊತೆಗೆ ಬಂದ ಬರಿಯ ಚೌಕಟ್ಟಿಗೆ ಸಿಕ್ಕಿಸಿ, ಅಂಗಿಯ ಕಿಸೆಯ 10,000 ಎಂಎಎಚ್‌ನ ಪವರ್ ಬ್ಯಾಂಕಿಗೆ ತಂತಿ ಎಳೆದಾಗ ಅದು ಬೆಳಗ್ಗೆ ಐದೂವರೆಯಿಂದ ಹತ್ತರವರೆಗೆ ಒಂದೇ ಸಮನೆ ಓಡಿತು. ಮಾತು ಸ್ಪಷ್ಟ, ಮಂಜಿಲ್ಲ. ಕ್ಯಾಮೆರಾ ಅದೇ, ಕಾಲ ಬೇರೆ.

ಆದ್ದರಿಂದ ಬೆಲೆಯ ಏಣಿಯಲ್ಲಿ ನಿಜವಾದ ಮೆಟ್ಟಿಲು ಇರುವುದು ತಾನೇ ನೀರು ತಡೆಯುವ ಕ್ಯಾಮೆರಾಕ್ಕೂ ಪೆಟ್ಟಿಗೆ ತೊಟ್ಟು ತಡೆಯುವ ಕ್ಯಾಮೆರಾಕ್ಕೂ ನಡುವೆ. ಗೆಳೆಯನ ಹೀರೋ 7 ಮಳೆಯಲ್ಲಿ ಬರಿಮೈಯಲ್ಲಿ ನಿಂತು ನಮ್ಮಿಬ್ಬರ ಮಾತನ್ನೂ, ಕಪ್ಪೆಗಳ ವಟಗುಟ್ಟುವಿಕೆಯನ್ನೂ ಸರಿಯಾಗಿಯೇ ಹಿಡಿಯಿತು. ಬಂಡೆಗಳ ಮೇಲೆ ನಡೆದಾಗಲೂ ಅದರ ಚಿತ್ರ ಅಲುಗಲಿಲ್ಲ. ಹೈಪರ್‌ಸ್ಮೂತ್ ಎಂಬ ನಡುಕ ತಡೆಯುವ ವಿಧಾನ ಆ ಮಾದರಿಯಲ್ಲಿಯೇ ಮೊದಲು ಬಂದದ್ದು. ಎರಡನೇ ಕೈಯದಕ್ಕೆ ಅವನು ಕೊಟ್ಟದ್ದು ನನ್ನ ಹೊಸ ಕ್ಯಾಮೆರಾದ ಎರಡೂವರೆ ಪಟ್ಟು. ಹೊಟ್ಟೆಯುರಿ ಇದ್ದರೂ ಹೇಳಲೇಬೇಕು.

ಮಳೆಗಾಲದಲ್ಲಿ ಅಗ್ಗದ್ದನ್ನೇ ಬಳಸಬೇಕಾದವರಿಗೆ ಕೆಲವು ದಾರಿಗಳಿವೆ. ಪೆಟ್ಟಿಗೆಯನ್ನು ಹೊಳೆಬದಿಯಲ್ಲಿ ಮುಚ್ಚಬೇಡಿ. ಹಿಂದಿನ ರಾತ್ರಿ ಮನೆಯಲ್ಲಿ, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುವ, ತೇವ ಹೀರುವ ಸಿಲಿಕಾ ಜೆಲ್‌ನ ಸಣ್ಣ ಪೊಟ್ಟಣವನ್ನು ಒಳಗಿಟ್ಟು ಮುಚ್ಚಿ. ಮುಚ್ಚುವ ಮೊದಲು ರಬ್ಬರಿನ ಉಂಗುರವನ್ನು ಬೆರಳಿನಿಂದ ಸವರಿ ನೋಡಿ. ಒಂದು ಕೂದಲೆಳೆ, ಒಂದು ಮರಳ ಕಣ ಸಾಕು ನೀರು ದಾರಿ ಮಾಡಿಕೊಳ್ಳಲು. ಕೊಂಡ ದಿನವೇ ಖಾಲಿ ಪೆಟ್ಟಿಗೆಯೊಳಗೆ ಟಿಶ್ಯೂ ಕಾಗದವಿಟ್ಟು ಬಕೆಟ್ಟಿನ ನೀರಿನಲ್ಲಿ ಕಲ್ಲು ಹೇರಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒದ್ದೆಯಾದರೆ ಮರುದಿನವೇ ಹಿಂದಿರುಗಿಸಿ. ಅಳಿವೆಯ ಉಪ್ಪುನೀರಿನಿಂದ ಬಂದ ದಿನ ಮುಚ್ಚಿದ ಪೆಟ್ಟಿಗೆಯನ್ನು ಬಾವಿ ನೀರಿನಲ್ಲಿ ತೊಳೆದ ಮೇಲೆಯೇ ತೆರೆಯಿರಿ.

ಸದ್ದಿಗೆ ಮೊಬೈಲನ್ನು ಹಚ್ಚಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲು ಕಿಸೆಯಲ್ಲಿ, ಕಾಲರಿಗೆ ಸಿಕ್ಕಿಸುವ ತಂತಿಯ ಮೈಕು ಮಳೆಕೋಟಿನ ಒಳಗೆ. ಎರಡೂ ಓಡತೊಡಗಿದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ವಿಡಿಯೋ ಸಂಕಲನ (ಎಡಿಟ್) ಮಾಡುವಾಗ ಚಪ್ಪಾಳೆಯ ಚಿತ್ರಕ್ಕೆ ಚಪ್ಪಾಳೆಯ ಸದ್ದನ್ನು ಕೂರಿಸಿದರೆ ಉಳಿದದ್ದು ತಾನಾಗಿ ಕೂರುತ್ತದೆ. ಗಂಟೆಗಟ್ಟಲೆ ಓಡಿಸಿದರೆ ಎರಡು ಯಂತ್ರಗಳ ಗಡಿಯಾರ ಚೂರು ಹಿಂದುಮುಂದಾಗುತ್ತದೆ, ಹಾಗಾಗಿ ಮೀನು ಬಂದ ಮೇಲೆ ಇನ್ನೊಂದು ಚಪ್ಪಾಳೆ. ಹತ್ತಿರದಲ್ಲಿ ಗಾಳ ಹಾಕುತ್ತಿದ್ದ ಇಚ್ಚನೊಬ್ಬರು (ಇಲ್ಲಿಯವರ ಮಾತಿನಲ್ಲಿ ಅಣ್ಣ) ಮೊದಲ ಸಲ ಇದನ್ನು ಕಂಡು, ಮೀನು ಓಡಿಸುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಮಲಯಾಳದಲ್ಲಿ ಕೇಳಿದ್ದರು.

ಮೊಬೈಲನ್ನೇ ಮುಖ್ಯ ಕ್ಯಾಮೆರಾ ಮಾಡಿಕೊಂಡರೆ? ಚಿತ್ರ ಚೆನ್ನಾಗಿ ಬರುತ್ತದೆ, ಖರ್ಚಿಲ್ಲ. ಆದರೆ ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ. ಮಳೆಹನಿಗಳೇ ಬೆರಳಾಗಿ ಏನೇನನ್ನೋ ಒತ್ತುತ್ತವೆ. ಎದೆಗೆ ಕಟ್ಟಿದರೆ ಭಾರಕ್ಕೆ ಜೋಲುತ್ತದೆ, ಕೋಲಿನ ಹಿಡಿ ಬಡಿದು ಗಾಜು ಒಡೆಯುವ ಭಯ ಬೇರೆ. ಕರೆ ಬಂದರೆ ಚಿತ್ರೀಕರಣ ನಿಂತೇ ಹೋಗುವ ಮೊಬೈಲುಗಳಿವೆ. ನನ್ನದು ಅಂಥದ್ದೇ, ಮುಂದಿನ ವಾರದ ಮದುಮಗನ ಮಾವ ಸರಿಯಾಗಿ ಮೀನು ಎಳೆಯುವಾಗಲೇ ಕರೆದಿದ್ದರು. ವಿಮಾನ ಕ್ರಮದಲ್ಲಿಟ್ಟು (ಏರೋಪ್ಲೇನ್ ಮೋಡ್), ಮೂರುಕಾಲಿನ (ಟ್ರೈಪಾಡ್) ಮೇಲೆ, ನಿಮ್ಮಿಂದ ನಾಲ್ಕೈದು ಹೆಜ್ಜೆ ಹಿಂದೆ, ಬೆಂಡೂ ನೀವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಲ್ಲಿಸಿ. ಅದು ಮೊಬೈಲಿನ ಜಾಗ.

ಎಲ್ಲಿ ಕಟ್ಟಬೇಕು, ಯಾವಾಗ ಒತ್ತಬೇಕು

ತಲೆಗೆ ಕಟ್ಟಿದೆ. ನೋಡಿದವರಿಗೆ ತಲೆ ಸುತ್ತಿತು. ಗಾಳ ಹಾಕುವವನ ತಲೆ ಎಷ್ಟು ತಿರುಗುತ್ತದೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಬೆಂಡು, ಚೀಲ, ಆಕಾಶ, ಪಕ್ಕದವನ ಬುಟ್ಟಿ. ಅದಕ್ಕಿಂತ ಮುಖ್ಯವಾಗಿ, ಹೊಳೆಬದಿಯಲ್ಲಿ ಬಟ್ಟೆ ಒಗೆಯುವವರು, ಸ್ನಾನ ಮಾಡುವವರು ಇರುತ್ತಾರೆ; ತಲೆಯ ಮೇಲಿನ ಕ್ಯಾಮೆರಾ ಅವರ ಮನೆಯಂಗಳಕ್ಕೆ ಇಣುಕಿದಂತೆ. ಆ ಕಡವುಗಳಲ್ಲಿ ಕ್ಯಾಮೆರಾ ಆಫ್ ಮಾಡಿಡುವುದು ಮರ್ಯಾದೆ.

ಅಡಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಗೆ ಸಿಕ್ಕಿಸಿದರೆ ಊರಿನ ಕಳೆ ಬರುತ್ತದೆಂದು ಒಮ್ಮೆ ಅದನ್ನೂ ಮಾಡಿ ನೋಡಿದೆ. ಒಣ ಹಾಳೆ ಕ್ಲಿಪ್ಪಿನ ಭಾರಕ್ಕೆ ಸೀಳಿತು. ಮಳೆಯಲ್ಲಿ ನೆನೆದ ಹಾಳೆ ಸೀಳಲಿಲ್ಲ, ಆದರೆ ಮೆತ್ತಗಾಗಿ ಕ್ಯಾಮೆರಾದೊಂದಿಗೆ ನನ್ನ ಮೂಗಿನ ಮೇಲಕ್ಕೆ ಇಳಿಯಿತು. ಆದರೆ ಹಾಳೆ ವ್ಯರ್ಥವಾಗಲಿಲ್ಲ: ಅಂಗೈಯಗಲ ಕತ್ತರಿಸಿ ಕ್ಯಾಮೆರಾದ ಮೇಲೆ ಸೂರಿನಂತೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರೆ ಲೆನ್ಸಿನ ಮೇಲೆ ಹನಿ ಕೂರುವುದು ಅರ್ಧಕ್ಕರ್ಧ ಕಡಿಮೆ.

ಎದೆಯೇ ಸರಿ. ಎದೆಪಟ್ಟಿಯಲ್ಲಿ ಕೈ, ರೀಲು, ಕೋಲು ಮೂರೂ ಬರುತ್ತವೆ, ದೇಹ ತಿರುಗಿದಷ್ಟೇ ಚಿತ್ರ ತಿರುಗುತ್ತದೆ. ನೀವು ನೆನೆಸಿದ್ದಕ್ಕಿಂತ ಹೆಚ್ಚು ಮೇಲಕ್ಕೆ ಬಾಗಿಸಬೇಕು. ಇಲ್ಲವಾದರೆ ಇಡೀ ವಿಡಿಯೋ ನಿಮ್ಮ ಲುಂಗಿಯದ್ದಾಗುತ್ತದೆ. ನನ್ನ ಅಗ್ಗದ ಕ್ಯಾಮೆರಾಕ್ಕೂ ಹೀರೋ 7ಕ್ಕೂ ಮುಂದೆ ಚಿತ್ರ ತೋರುವ ಪರದೆಯಿಲ್ಲ, ಗೋಪ್ರೋದಲ್ಲಿ ಅದು ಬಂದದ್ದು 2020ರ ಹೀರೋ 9ರಲ್ಲಿ. ಮೊದಲ ಸಲ ಒಂದು ನಿಮಿಷ ಚಿತ್ರಿಸಿ, ತೆಗೆದು ನೋಡಿ, ಪಟ್ಟಿಯ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಳ್ಳಿ.

ಎರಡನೆಯ ಕೋನ ಬೇಕೆನಿಸಿದಾಗ ನಮ್ಮಂತಹ ಅಡಕೆ ನಾಡಿನವರಿಗೆ ಒಂದು ಅನುಕೂಲವಿದೆ: ದೋಟಿ. ಅಡಕೆ ಕೊಯ್ಯುವ ಹಗುರದ ಕಾರ್ಬನ್ ಫೈಬರ್ ದೋಟಿಯ ಕೆಳಗಿನ ಎರಡು ತುಂಡುಗಳಷ್ಟೇ ಸಾಕು. ಕತ್ತಿಯ ಜಾಗದಲ್ಲಿ ಕ್ಯಾಮೆರಾ ಸಿಕ್ಕಿಸಿ, ಬುಡವನ್ನು ಬಂಡೆಯ ಸಂದಿಗೆ ಊರಿ, ನೀರಿನ ಮೇಲಕ್ಕೆ ಬಾಗಿಸಿ ಕಟ್ಟಿದರೆ ಮೇಲಿನಿಂದ ಇಡೀ ಗುಂಡಿ ಕಾಣುತ್ತದೆ. ಇಲ್ಲಿ ಅಗ್ಗದ ಕ್ಯಾಮೆರಾವೇ ಶ್ರೇಷ್ಠ, ಏಕೆಂದರೆ ದುಬಾರಿಯದನ್ನು ಹಾಗೆ ನೀರಿನ ಮೇಲೆ ತೂಗುಬಿಡಲು ಯಾರಿಗೂ ಧೈರ್ಯ ಬರುವುದಿಲ್ಲ. ಬಿದ್ದರೆ ಮುಳುಗುತ್ತದೆ, ನೆನಪಿರಲಿ. ಒಂದು ಗೇಣು ಗಟ್ಟಿ ತಂಗೂಸಿಯನ್ನೂ (ಗಾಳದ ನೈಲಾನ್ ದಾರ) ಒಣಗಿದ ತೆಂಗಿನ ಸಿಪ್ಪೆಯ ಒಂದು ದೊಡ್ಡ ತುಂಡನ್ನೂ ಕಟ್ಟಿಟ್ಟಿರಿ. ಅಂಗಡಿಯಲ್ಲಿ ಸಿಗುವ ಹಳದಿ ತೇಲುಹಿಡಿಯ ಕೆಲಸವನ್ನು ಅದೂ ಮಾಡುತ್ತದೆ.

ಏತಡ್ಕದಂತಹ ಊರುಗಳಲ್ಲಿ ಮಳೆ ಮುಗಿದ ಮೇಲೆ ಹೊಳೆಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುತ್ತಾರಲ್ಲ, ಆ ನಿಂತ ನೀರು ಚಿತ್ರ ಕಲಿಯುವುದಕ್ಕೆ ಹೇಳಿ ಮಾಡಿಸಿದ ಜಾಗ. ಸೆಳೆತವಿಲ್ಲ, ಮಳೆಯಿಲ್ಲ, ನೀರು ತಿಳಿ. ಅಳಿವೆಗೆ ಹೋಗುವ ಮೊದಲು ಅಲ್ಲಿ ನಾಲ್ಕು ಬೆಳಗ್ಗೆ ಕಳೆದಿದ್ದರೆ ನನ್ನ ಎಷ್ಟೋ ಕಾರ್ಡು ಉಳಿಯುತ್ತಿತ್ತು.

ಇನ್ನು ಆ ಎರಡು ಸೆಕೆಂಡು. ಮೀನು ಕಚ್ಚಿದ ಮೇಲೆ ಗುಂಡಿ ಒತ್ತಲು ಕೈ ಇರುವುದಿಲ್ಲ, ಇಡೀ ಬೆಳಗ್ಗೆ ಓಡಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ದುಬಾರಿಯವರು ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಗೋಪ್ರೋ ಹೀರೋ 9ರಿಂದ ಈಚಿನ ಹೆಚ್ಚಿನ ಮಾದರಿಗಳಲ್ಲಿ ಹೈಂಡ್‌ಸೈಟ್ ಎಂಬ ಸೌಲಭ್ಯವಿದೆ: ಗುಂಡಿ ಒತ್ತಿದಾಗ ಅದಕ್ಕಿಂತ ಹಿಂದಿನ 15 ಅಥವಾ 30 ಸೆಕೆಂಡು ಕೂಡ ಉಳಿಯುತ್ತದೆ. ಮೀನು ಎಳೆದು ಮುಗಿಸಿ ಒತ್ತಿದರೆ ತಡವಾದೀತು, ಆದರೆ ಮೊದಲ ಎಳೆತ ಸಡಿಲವಾದಾಗ ಒಂದು ಬೆರಳು ಬಿಡುವಾದರೂ ಸಾಕು. ಗಾಳ ಹಾಕುವವನಿಗೆ ಈ ಒಂದು ಸೌಲಭ್ಯ ಉಳಿದೆಲ್ಲ ಸೌಲಭ್ಯಗಳ ತೂಕಕ್ಕೆ ಸಮ. ಕ್ಯಾಮೆರಾ ಒಳಗೊಳಗೇ ಓಡುತ್ತಲೇ ಇರುವುದರಿಂದ ಬ್ಯಾಟರಿ ತಿನ್ನುವುದು ಮಾತ್ರ ತಪ್ಪುವುದಿಲ್ಲ.

ಅಗ್ಗದ್ದರಲ್ಲಿ ಇರುವುದು ಕಾರಿನ ಕ್ಯಾಮೆರಾಗಳಂತೆ ಸುತ್ತು ಹಾಕುವ ಚಿತ್ರೀಕರಣ. ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ಬರೆಯುತ್ತ ಹೋಗಿ, ಕಾರ್ಡು ತುಂಬಿದಾಗ ಹಳೆಯದನ್ನು ಅಳಿಸಿ ಮುಂದುವರಿಯುತ್ತದೆ. ಪವರ್ ಬ್ಯಾಂಕಿನ ಜೊತೆ ಇದು ಚೆನ್ನಾಗಿ ಹೊಂದುತ್ತದೆ. ಮೀನು ಬಂದ ತುಂಡನ್ನು ಆಮೇಲೆ ಹುಡುಕುವುದು ತಲೆನೋವಾಗದಿರಲು ಒಂದು ಕೆಲಸ ಮಾಡಿ: ಮೀನು ಬುಟ್ಟಿ ಸೇರಿದೊಡನೆ ಅಂಗೈಯಿಂದ ಲೆನ್ಸನ್ನು ಎರಡು ಸೆಕೆಂಡು ಮುಚ್ಚಿ. ಮನೆಯಲ್ಲಿ ಚಿತ್ರಗಳ ಸಾಲಿನಲ್ಲಿ ಆ ಕಪ್ಪು ಚೌಕ ದೂರದಿಂದಲೇ ಕಾಣುತ್ತದೆ, ಅದರ ಹಿಂದೆ ಮೀನು ಇರುತ್ತದೆ. ಮದುವೆ ಮನೆಯಲ್ಲಿ ತಾಳಿ ಕಟ್ಟಿದ ಕೂಡಲೇ ನಾನು ಮಾಡುವುದೂ ಇದನ್ನೇ.

ಕಚ್ಚಿದ್ದೆಲ್ಲ ಮೀನೇ ಆಗಿರಬೇಕಿಲ್ಲ. ಚಂದ್ರಗಿರಿಯಲ್ಲಿ ಕಾಂಟರ್ ದೈತ್ಯ ಮೃದುಚಿಪ್ಪಿನ ಆಮೆ ಇದೆ. ಅಳಿವಿನ ಅಂಚಿನ ಪ್ರಾಣಿ, ದಿನದ ಬಹುಪಾಲು ಮರಳಿನೊಳಗೆ ಹೂತು ಕದಲದೆ ಮಲಗಿರುತ್ತದೆ. ಗಾಳಕ್ಕೆ ಸಿಕ್ಕರೆ ಸಾಧ್ಯವಾದಷ್ಟು ಹತ್ತಿರದಲ್ಲಿ ತಂಗೂಸಿ ಕತ್ತರಿಸಿ ಬಿಟ್ಟುಬಿಡಿ, ಅರಣ್ಯ ಇಲಾಖೆಗೆ ತಿಳಿಸಿ. ಎದೆಯ ಕ್ಯಾಮೆರಾದಲ್ಲಿ ಅಷ್ಟು ಹೊತ್ತಿಗೆ ಬೇಕಾದ ದಾಖಲೆ ಆಗಿರುತ್ತದೆ. ಹಾಗೆಯೇ ಮೊದಲ ಮಳೆಗೆ ಮೊಟ್ಟೆ ಹೊತ್ತು ತೋಡು ಹತ್ತುವ ಮೀನುಗಳನ್ನು ಹಿಡಿಯುವುದು ಕೇರಳದಲ್ಲಿ ನಿಷಿದ್ಧ. ಅದನ್ನು ಹಿಡಿದು, ಚಿತ್ರಿಸಿ, ಊರಿಗೆಲ್ಲ ಹಂಚುವವರನ್ನು ಕಂಡಾಗ ಮೀನಿಗಿಂತ ಸುಲಭವಾಗಿ ಗಾಳಕ್ಕೆ ಬೀಳುವ ಪ್ರಾಣಿ ಇದೆಯೆಂದು ಖಾತರಿಯಾಗುತ್ತದೆ.

ಯಾರಿಗೆ ಯಾವುದು

ಇನ್ನೂ ಏನನ್ನೂ ಕೊಳ್ಳದವರು ಮೊದಲು ಹಳೆಯ ಮೊಬೈಲು, 300 ರೂಪಾಯಿಯ ಮೂರುಕಾಲು, ಒಂದು ಕಾಲರ್ ಮೈಕು ಇಷ್ಟರಲ್ಲಿ ಎರಡು ತಿಂಗಳು ಕಳೆಯಲಿ. ಚಿತ್ರ ಸಂಕಲನ ಮಾಡುವ ತಾಳ್ಮೆ ತಮಗಿದೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ನಾನು ಕಂಡ ಹತ್ತರಲ್ಲಿ ಎಂಟು ಮಂದಿಗೆ ಇರುವುದಿಲ್ಲ.

ನವೆಂಬರಿನಿಂದ ಮೇ ತನಕ, ಒಣ ದಿನಗಳಲ್ಲಿ ಮಾತ್ರ ಹೊಳೆಗಿಳಿಯುವವರಿಗೆ ಅಗ್ಗದ ಆ್ಯಕ್ಷನ್ ಕ್ಯಾಮೆರಾ ಧಾರಾಳವಾಗಿ ಸಾಕು. ಕೊಳ್ಳುವಾಗ 4ಕೆ ಎಂಬುದನ್ನು ಓದಬೇಡಿ. ಪೆಟ್ಟಿಗೆಯಿಲ್ಲದೆ ಸಿಕ್ಕಿಸುವ ಚೌಕಟ್ಟು ಜೊತೆಗಿದೆಯೇ, ಚಾರ್ಜ್ ಆಗುತ್ತಲೇ ಚಿತ್ರಿಸುತ್ತದೆಯೇ, ಹೊರಗಿನ ಮೈಕಿಗೆ ತೂತಿದೆಯೇ, ಫುಲ್ ಎಚ್‌ಡಿಯಲ್ಲಿ ನಡುಕ ತಡೆಯುತ್ತದೆಯೇ ಎಂಬ ನಾಲ್ಕನ್ನು ಕೇಳಿ. ಎರಡನೆಯದಕ್ಕೆ ಇಲ್ಲ ಎಂದರೆ ಬಿಟ್ಟು ಬನ್ನಿ. ಕಾರ್ಡಿನಲ್ಲಿ ಜಿಪುಣತನ ಮಾಡಬೇಡಿ. ವಿ30 (ಬರೆಯುವ ವೇಗದ ಗುರುತು) ಎಂದು ಬರೆದಿರುವ, ನಂಬಿಕೆಯ ಅಂಗಡಿಯ 64 ಜಿಬಿ ಸಾಕು. ಹೊಸ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಒಮ್ಮೆ ಪೂರ್ತಿ ತುಂಬುವವರೆಗೆ ಮನೆಯಲ್ಲಿ ಚಿತ್ರಿಸಿ, ಕೊನೆಯ ಫೈಲು ತೆರೆಯುತ್ತದೆಯೇ ನೋಡಿ. ನಕಲಿ ಕಾರ್ಡುಗಳು ಅರ್ಧ ದಾರಿಯಲ್ಲಿ ಕೈಕೊಡುವುದು ಹಾಗೆಯೇ ಪತ್ತೆಯಾಗುತ್ತದೆ. ವೈಫೈ, ಬೀಪ್ ಸದ್ದು, ಮಿನುಗುವ ದೀಪ, ಚಿತ್ರದ ಮೂಲೆಯ ದಿನಾಂಕ ಎಲ್ಲವನ್ನೂ ಆಫ್ ಮಾಡಿ.

ಮಳೆಗಾಲವೇ ನಿಮ್ಮ ಕಾಲವಾದರೆ ಅಗ್ಗದ ಹೊಸದಕ್ಕಿಂತ ತಾನೇ ನೀರು ತಡೆಯುವ ಹಳೆಯದು ಮೇಲು. ಎರಡನೇ ಕೈಯದನ್ನು ಕೊಳ್ಳಲು ಹೋಗುವಾಗ ನಿಮ್ಮದೇ ಕಾರ್ಡನ್ನು ಕೊಂಡೊಯ್ದು ಇಪ್ಪತ್ತು ನಿಮಿಷ ಎಡೆಬಿಡದೆ ಚಿತ್ರಿಸಿ. ಬ್ಯಾಟರಿ ಉಬ್ಬಿದೆಯೇ, ಬಾಗಿಲಿನ ಒಳಗಿನ ರಬ್ಬರು ಸೀಳಿದೆಯೇ, ಲೆನ್ಸಿನ ಗಾಜಿನಲ್ಲಿ ಗೀರಿದೆಯೇ ನೋಡಿ. ಆ ರಬ್ಬರಿಗೆ ವಯಸ್ಸಾಗಿರುವುದರಿಂದ ಹತ್ತು ಮೀಟರ್ ಎಂಬ ಮಾತನ್ನು ಮರೆತು, ಮಳೆಗೆ ಮಾತ್ರ ಒಡ್ಡಿ, ಹೊಳೆಗೆ ಮುಳುಗಿಸಬೇಡಿ.

ಹೆಬ್ಬೆರಳಿನ ಗಾತ್ರದವು ಅಂಗಿಗೆ ಅಂಟಿಸಿಕೊಂಡು ಮರೆಯುವಷ್ಟು ಹಗುರ, ಇನ್‌ಸ್ಟಾ360 ಗೋ 3 ಬರಿಯ 35 ಗ್ರಾಂ. ಗಂಟೆಗಟ್ಟಲೆ ಕಾಯುವ ನಮ್ಮ ಕಸುಬಿಗೆ ಅದರ ಬ್ಯಾಟರಿ ಸಾಲದು. ಸುತ್ತ ನೋಡುವ 360 ಕ್ಯಾಮೆರಾ ಕೋನದ ಚಿಂತೆಯನ್ನೇ ತೆಗೆದುಬಿಡುತ್ತದೆ, ಆದರೆ ಸಂಕಲನಕ್ಕೆ ಎರಡರಷ್ಟು ಸಮಯ ನುಂಗುತ್ತದೆ. ನನ್ನಲ್ಲಿ ಅಷ್ಟು ಆಟಿ ತಿಂಗಳುಗಳಿಲ್ಲ.

ನನ್ನ 4,300ರದ್ದು ಈಗ ದೋಟಿಯ ತುದಿಯಲ್ಲಿದೆ. ಎದೆಯ ಮೇಲೆ ಗೆಳೆಯನ ಹೀರೋ 7, ಅವನು ಗಲ್ಫಿಗೆ ಮರಳುವ ತನಕ. ಕೆಂಬೇರಿ ಇನ್ನೂ ಎರಡನೆಯ ಸಲ ಕಚ್ಚಿಲ್ಲ.